ಹದಿನೈದು ಬಿಸ್

ವಿಯೆತ್ರಿಯಲ್ಲಿ, ಗೂಡು ಇನ್ನೂ ಆರಿರಲಿಲ್ಲ,
ಎರ್ಮೆಲಿಂಡಾ ಬಂದಳು. ಒಂದು ಕೈಲಿ ಕೋಲು,
ಇನ್ನೊಂದರಲ್ಲಿ ನೀರು ತೊಟ್ಟಿಕ್ಕುವ ಮೀನಿನ ಚೀಲ.
"ಮನೆ ನಂಬರಿನ ಬಿಲ್ಲೆ ಬೇಕು."

ಕುಂಚ ಅದ್ದಿದೆ. ನೀಲಿ.
ನಮ್ಮ ಕೊಲ್ಲಿಯ ಉದ್ದಕ್ಕೂ ಅಂಕಿಗಳೆಲ್ಲ ನೀಲಿ,
ಮೂಲೆಗೊಂದು ನಿಂಬೆಯ ರೆಂಬೆ, ಅದಕ್ಕೆ ಬೇರೆ ದುಡ್ಡು.
"ಎಷ್ಟು?"
"ಹದಿನೇಳು."

ಎಡಗೈ ತಾನಾಗಿ ಮೇಜಿನಡಿ ಹೋಗಿ
ಕಬ್ಬಿಣದ ಮೊಳೆ ಹುಡುಕಿತು.
ನಲವತ್ತು ವರ್ಷದಲ್ಲಿ ಯಾರೂ ಕೇಳದ, ನಾನು ಬರೆಯದ ಅಂಕಿ.
ಎದುರು ಮಗ್ಗುಲಲ್ಲಿ ಸಮಸಂಖ್ಯೆಗಳು
ಹಲ್ಲು ಬೀಳದ ಬಾಯಂತೆ ಸಾಲಾಗಿವೆ.
ನಮ್ಮ ಬೆಸದ ಮಗ್ಗುಲಲ್ಲಿ ಹದಿನೈದು,
ಹದಿನೈದು ಬಿಸ್,
ಆಮೇಲೆ ಹತ್ತೊಂಬತ್ತು.

ಕ್ರಿಸ್‌ಮಸ್ ರಾತ್ರಿ ತೊಂಬೊಲಾ ಆಡುವಾಗ
ಚಿಕ್ಕಮ್ಮ ಬುಟ್ಟಿಗೆ ಕೈ ಹಾಕಿ ಸಂಖ್ಯೆ ಕೂಗುತ್ತಿರಲಿಲ್ಲ, ಅರ್ಥ ಕೂಗುತ್ತಿದ್ದಳು:
ಎಪ್ಪತ್ತೇಳು, ಹೆಣ್ಣಿನ ಕಾಲು!
ತೊಂಬತ್ತು, ಭಯ!
ಹದಿನೇಳು ಬಂದರೆ ದನಿ ತಗ್ಗಿಸಿ, ಕೇಡು.
ಮಕ್ಕಳು ನಾವು ಆ ಮನೆಯ ಮೇಲೆ
ಒಣಗಿದ ಬೀನ್ಸ್ ಇಡಲೂ ಅಂಜುತ್ತಿದ್ದೆವು.

ತಾತ ಗೋರಿಕಲ್ಲು ಕೆತ್ತುತ್ತಿದ್ದ. ತೋರಿಸಿದ್ದ ಒಮ್ಮೆ:
ಹತ್ತಕ್ಕೆ ಕತ್ತರಿ, ಐದಕ್ಕೆ ಕವೆ, ಪಕ್ಕಕ್ಕೆ ಎರಡು ಕಡ್ಡಿ.
ರೋಮಿನವರ ಹದಿನೇಳು.
ಅವೇ ನಾಲ್ಕನ್ನು ಹಿಂದೆ ಮುಂದೆ ಇಟ್ಟರೆ
ಹಳೇ ಲ್ಯಾಟಿನ್ನಿನ ಒಂದೇ ಮಾತು: ಬದುಕಿದ್ದೆ.
ಬದುಕಿದ್ದೇನೆ ಅಲ್ಲ. ಬದುಕಿದ್ದೆ.
ನಡುವಿನ ಒಂದಕ್ಷರ
ಮಣ್ಣಿನೊಳಗೆ.

"ಗೊತ್ತು" ಅಂದಳು, ಸ್ಟೂಲು ಎಳೆದುಕೊಂಡು.
"ನಾನು ಹುಟ್ಟಿದ್ದು ಹದಿನೇಳರ ಬೆಳಗಿನ ಜಾವ.
ಅಪ್ಪ ಇಡೀ ದಿನ ಪುರಸಭೆಯ ಮೆಟ್ಟಿಲ ಮೇಲೆ ಸಿಗರೇಟು ಸೇದಿ
ಮರುದಿನ ನನ್ನನ್ನು ಹುಟ್ಟಿಸಿದ.
ಆ ಒಂದು ದಿನ ಅಮ್ಮನ ಹಾಲು ಕುಡಿದವಳು ಯಾರು ಹೇಳು?
ಆಮೇಲೆ ನಾನೇ ಸೂಲಗಿತ್ತಿಯಾದೆ.
ಎಷ್ಟು ಹದಿನೇಳುಗಳನ್ನು ಈ ಕೈಯಲ್ಲಿ
ತಲೆಕೆಳಗು ಹಿಡಿದು ಅಳಿಸಿದ್ದೇನೆ,
ಹದಿನೆಂಟು ಅಂತ ಸಹಿ ಹಾಕಿದ್ದೇನೆ."

ನಾನು ಸುಮ್ಮನಿದ್ದೆ. ಮೀನಿನ ನೀರು ನೆಲದಲ್ಲಿ ಹರಿಯಿತು.

"ಬಣ್ಣ ಹಾಕದ ಬಿಲ್ಲೆ ಕೊಡು, ಹದಿನಾರು."
ನಾಲ್ಕು ನಾಲ್ಕಾಗಿ ಜೋಡಿಸಿದಳು. ನಾಲ್ನಾಲ್ಕಲಿ ಹದಿನಾರು.
"ಸುತ್ತಲ ಅಂಚು ಎಣಿಸು."
ಎಣಿಸಿದೆ. ಅದೂ ಹದಿನಾರು.
"ಇನ್ನೆರಡು ತಾ." ಮೂರಾರಲಿ ಹದಿನೆಂಟು,
ಅಂಚೂ ಹದಿನೆಂಟು. ಬಿಲ್ಲೆ ಹಾಕುವವನು ನಾನು,
ಇದನ್ನು ನೋಡಿಯೇ ಇರಲಿಲ್ಲ!
"ಇಬ್ಬರು ಸಾಚಾ ನೆರೆಯವರು. ಒಳಗೆಷ್ಟೋ ಹೊರಗಷ್ಟೇ.
ಈಗ ಒಂದು ತೆಗೆ."

ತೆಗೆದೆ. ಎರಡೆರಡಾಗಿ ಇಟ್ಟೆ, ಒಂದು ಉಳಿಯಿತು.
ಮೂರು ಮೂರಾಗಿ, ಎರಡು ಉಳಿದವು.
ನಾಲ್ಕರಲ್ಲಿ ಮತ್ತೆ ಒಂದು, ಐದರಲ್ಲಿ ಎರಡು.
ಯಾವ ಮಗ್ಗಿಯಲ್ಲೂ ಇಲ್ಲದ್ದು,
ತನ್ನ ಮಗ್ಗಿಗೆ ತಾನೇ ಮೊದಲ ಸಾಲು.
ಕೊನೆಗೆ ಒಂದರ ಪಕ್ಕ ಒಂದು, ಉದ್ದಕ್ಕೆ.
ಬೇರೆ ದಾರಿಯಿರಲಿಲ್ಲ. ಮೇಜಿನ ಕಾಲಿನಿಂದ ಹೊರಟು
ಗೂಡಿನ ಬಾಯಿ ದಾಟಿ, ಬಾಗಿಲಿಗೆ ಬಂದು,
ಹದಿನೇಳನೆಯದು
ಹೊಸಿಲಾಚೆ ಓಣಿಯ ಬಿಸಿಲಲ್ಲಿ ಬಿದ್ದಿತ್ತು.

ಬೆಕ್ಕೊಂದು ಅದರ ಮೇಲೆ ಬಂದು ಕೂತಿತು.

"ಬಿಸ್ ಅಂದರೆ ಎರಡನೇ ಸಲ" ಅಂದಳು ಏಳುತ್ತ.
"ನಾನು ಯಾರ ಎರಡನೇ ಸಲವೂ ಅಲ್ಲ."

ಬರೆದೆ. ಬಲಗೈಲಿ ನೀಲಿ, ಎಡಗೈಲಿ ಮೊಳೆ, ಸುಳ್ಳೇಕೆ ಹೇಳಲಿ.
ಬೆಂದು ಬಂದಾಗ ಏಳರ ಬಾಲದಲ್ಲಿ ಒಂದು ಗುಳ್ಳೆ.
ಬೇರೆ ಬರೆದುಕೊಡುತ್ತೇನೆ ಅಂದೆ.
ಹೆಬ್ಬೆರಳಿಂದ ಸವರಿ, ಮಗುವಿನ ನೆತ್ತಿ ಮುಟ್ಟಿದಂತೆ,
"ಇದೇ ಇರಲಿ" ಅಂದಳು. ನಿಂಬೆಯ ದುಡ್ಡೂ ಕೊಟ್ಟಳು.

ಅಂಚೆಯವ ಇವತ್ತಿಗೂ ಆ ಬಾಗಿಲ ಮುಂದೆ ನಿಂತು
ಬಿಸ್, ಬಿಸ್ ಅಂತ ಕೂಗುತ್ತಾನೆ.
ಒಳಗೆ ರೇಡಿಯೋ ಜೋರಾಗಿದೆ.
ಅವಳು ತೆಗೆಯುವುದಿಲ್ಲ.