ಒಗರು ನೀರು

ಗೇಟಿನಲ್ಲಿ ಸೆಕ್ಯುರಿಟಿಯ ದುರುಗಣ್ಣ ಬ್ಯಾಗು ತೆಗೆಸಿದ.
'ಏನಿದು?'
'ನೀರು.'
'ಬರೇ ನೀರಾ?'
ಬರೀ ನೀರೇ ಅಣ್ಣ, ಇದಕ್ಕಿಂತ ಬರೀ ನೀರು
ಇಡೀ ರಾಯಚೂರು ಜಿಲ್ಲೆಯಲ್ಲಿ ಸಿಕ್ಕಲಿಕ್ಕಿಲ್ಲ.
ಕೃಷ್ಣೆಯಿಂದ ಎತ್ತಿ, ಸೋಸಿ, ಅದರ ಸುಣ್ಣ, ಅದರ ಉಪ್ಪು,
ಹಾದು ಬಂದ ಊರೂರಿನ ಗುರುತು ಎಲ್ಲ ಕಿತ್ತು
ಬಾಯ್ಲರಿಗೆ ಕುಡಿಸಲು ಇಟ್ಟದ್ದು.
ಮೀಟರು ಅದ್ದಿದರೆ ಮುಳ್ಳು ಸೊನ್ನೆ ಬಿಟ್ಟು ಏಳುವುದಿಲ್ಲ.
ನಾಲಿಗೆಗೆ ಇಟ್ಟರೆ ನಾಲಿಗೆ ಕೇಳುತ್ತದೆ: ಬಂತಾ?

ಅವನು ರಿಜಿಸ್ಟರಿನಲ್ಲಿ ಬರೆದ:
ನೀರು, ಎರಡು ಲೀಟರ್, ಸ್ವಂತಕ್ಕೆ.

ಸ್ವಂತಕ್ಕಲ್ಲ. ದೇವಸೂಗೂರಿನ ಬಾಡಿಗೆ ಮನೆಯ ಕಿಟಕಿಯಲ್ಲಿ
ರೂಪಾಯಿಯಷ್ಟಗಲ ಕೂತಿರುವ ಒಂದಕ್ಕೆ.
ಎಲೆಯೆಲೆಗೂ ಕೆಂಪು ಕೂದಲು, ಕೂದಲ ತುದಿಗೆ ಅಂಟಿನ ಹನಿ.
ಡ್ರೊಸೆರಾ ಅಂತ ಹೆಸರು. ಅವ್ವನ ಬಾಯಲ್ಲಿ ದ್ರೋಸಮ್ಮ.

ಮೊದಲನೆಯದು ಸತ್ತದ್ದು ನನ್ನ ಪ್ರೀತಿಯಿಂದ.
ಎರೆಮಣ್ಣು ಹಾಕಿದೆ, ಹತ್ತಿ ಬೆಳೆಯುವ ಮಣ್ಣು,
ಬೋರಿನ ನೀರು ಹಾಕಿದೆ, ಒಂದು ಚಮಚ ಗೊಬ್ಬರ ಕೂಡ.
ಎಂಟು ದಿನಕ್ಕೆ ಕುಂಡದ ಅಂಚಿಗೆ ಬಿಳಿ ಗೆರೆ,
ನೀರೊಲೆಯ ಹಂಡೆಗೆ ಕಟ್ಟುತ್ತದಲ್ಲ, ಹಾಗೆ.
ಒಂಬತ್ತಕ್ಕೆ ಗಿಡ ಕರ್ರಗೆ.
ಉಪ್ಪು ತಿಂದವರು ನೀರು ಕುಡಿಯಬೇಕು ಅಂತಾರೆ.
ಇದು ನೀರು ಕುಡಿದೇ ಉಪ್ಪು ತಿಂದಿತ್ತು.

ಎರಡನೆಯದಕ್ಕೆ ಮಣ್ಣೇ ಇಲ್ಲ. ತೆಂಗಿನ ನಾರು, ತೊಳೆದ ಮರಳು.
ಮಿಕ್ಕ ಉಪಾಯ ದೇವಪುತ್ರನದು,
ಟರ್ಬೈನ್ ಸೆಕ್ಷನ್ನಿನ ಫಿಟ್ಟರು, ಮನೆ ತುಂಬ ಬಾಟಲಿಗಳಲ್ಲಿ
ಜಗಳಗಂಟ ಮೀನುಗಳನ್ನು ಒಂಟಿ ಒಂಟಿಯಾಗಿ ಸಾಕುವವನು.
'ಬಾದಾಮಿ ಎಲಿ ಹಾಕ್ರಿ ಅಕ್ಕಾ. ತಾನಾಗಿ ಬಿದ್ದದ್ದು, ಕೆಂಪಾದದ್ದು.
ಚಾ ಕುದಿಸಿದಂಗ ಕುದಿಸಿ, ಆರಿಸಿ ಕೊಡ್ರಿ.
ನನ್ನ ಮೀನಿಗೂ ಅದ ಹಾಕ್ತೀನಿ, ಸಿಟ್ಟು ಕಡಿಮಿ ಆಗ್ತದ.'
ಎಲೆ ಸಿಗದ ವಾರ ಚಾಪುಡಿ ಒಂದು ಚಿಟಿಕೆ, ಮತ್ತೇನೂ ಇಲ್ಲ.

ಮತ್ತೇನೂ ಇಲ್ಲ ಎಂಬುದೇ ಅವ್ವನಿಗೆ ತಡೆಯಲಾಗದ್ದು.
ಹಾಲಿಲ್ಲದ ಚಾ ಹೆಣ ಎತ್ತಿದ ಮನೆಯಲ್ಲಿ ಮಾಡುವುದು.
ನಾನು ನೈಟ್ ಶಿಫ್ಟಿಗೆ ಹೋದ ದಿನ
ಪಾಪ ಅಂತ ಅರ್ಧ ಲೋಟ ಎರೆದಿದ್ದಳು: ಹಾಲು, ಸಕ್ಕರೆ, ಶುಂಠಿ.
ಬೆಳಿಗ್ಗೆ ಬಂದರೆ ಕುಂಡದ ಮೈಮೇಲೆ ಇರುವೆ ಸಾಲು,
ಎಲೆಗೆ ಮೂರು ಮೂರು ಅಂಟಿ ಕಾಲು ಆಡಿಸುತ್ತಿದ್ದವು.
'ನೋಡು, ಉಂಡಿತು' ಅಂದಳು.
ಕುಂಡ ತೊಳೆಯುವುದಕ್ಕೆ ಎರಡೂ ಲೀಟರ್ ಹೋಯಿತು.
(ಆ ವಾರ ಹೊಸ ಎಲೆ ಎರಡು ಬಂದವು. ಅವಳಿಗೆ ಹೇಳಿಲ್ಲ.)

ಒಗರು ಒಂದು ರುಚಿಯೋ, ರುಚಿ ಹಿಂದೆ ಸರಿಯುವ ಸದ್ದೋ?
ಅಳಲೆಕಾಯಿ ಕಚ್ಚಿದರೆ ನಾಲಿಗೆ ತನ್ನೊಳಗೆ ತಾನೇ ಮಡಚಿಕೊಳ್ಳುತ್ತದೆ.
ಯಾರೂ ತಿನ್ನದಿರಲೆಂದು ಮರ ಎಲೆಯೊಳಗೆ ತುಂಬಿಟ್ಟ
ಆ 'ಬ್ಯಾಡ'ವನ್ನೇ ನೀರಿಗಿಳಿಸಿ,
ಜೇನಿನ ಬಣ್ಣ ಬಂದ ಮೇಲೆ
ತಿನ್ನುವ ಗಿಡದ ಬುಡಕ್ಕೆ ಇಡುತ್ತೇನೆ,
ತಟ್ಟೆಯಲ್ಲಿ. ಬೇಕಾದಷ್ಟು ಅದು ತಾನೇ ಏರಿಸಿಕೊಳ್ಳುತ್ತದೆ.

ಅವ್ವನ ಹಲ್ಲಿಗೂ ಇದೇ ಬಣ್ಣದ ಕರೆ. ಚಾದಿಂದಲ್ಲ,
ಲಿಂಗಸುಗೂರು ಕಡೆಯ ತವರಿನ ಬಾವಿಯಿಂದ.
ಒಮ್ಮೆ ಆ ನೀರನ್ನು ಲ್ಯಾಬಿಗೆ ತಂದು ನೋಡಿದ್ದೆ.
ಅಂಕಿ ಬರೆದುಕೊಂಡೆ, ಚೀಟಿ ಮಡಚಿ ಟಿಫಿನ್ ಡಬ್ಬಿಯಲ್ಲಿಟ್ಟೆ.
ಕುಂಡವಾಗಿದ್ದರೆ ತೊಳೆಯಬಹುದಿತ್ತು.

ಮೇ ತಿಂಗಳು. ನಲವತ್ಮೂರು ಡಿಗ್ರಿ. ಕಿಟಕಿಗೆ ಒದ್ದೆ ಗೋಣಿ.
ಚಿಮಣಿಯ ಕಡೆಯಿಂದ ಗಾಳಿ ತಿರುಗಿ
ಬೂದಿಯದೊಂದು ಚೂರು ಎಲೆಯ ಮೇಲೆ ಕೂತಿತು.
ಒಂದು ಕೂದಲು ಬಾಗಿತು. ಇನ್ನೊಂದು. ಆಮೇಲೆ ನಾಲ್ಕಾರು.
ನಾನು ಕಾದ ನೀರು ಹಬೆಯಾಗಲೆಂದು
ಸುಟ್ಟ ಕಲ್ಲಿದ್ದಲಿನದೇ ಇರಬೇಕು.
ಶಿಫ್ಟಿಗೆ ಹೊರಟಾಗ ಇನ್ನೂ ಹಿಡಿದೇ ಇತ್ತು.

ಮರುದಿನ ಒಂದೊಂದಾಗಿ ಕೂದಲು ಎದ್ದು ನಿಂತಿದ್ದವು.
ಬೂದಿ ಅಲ್ಲೇ, ಹನಿಯೊಳಗೆ.
ಅವ್ವ ಕನ್ನಡಕ ಏರಿಸಿ ಬಗ್ಗಿ ನೋಡಿದಳು:
'ಉಗುಳಾಕ ಬಾಯಿ ಇಲ್ಲ ನೋಡು ಅದಕ್ಕ.'