ಬಾಬ್ತು ಐವತ್ತೆರಡು

ನನ್ನ ಕೆಲಸ ರಸ್ತೆಯನ್ನು ಬರೆಯುವುದು.
ಹಾಕುವುದಲ್ಲ, ಬರೆಯುವುದು:
ಜಲ್ಲಿ ಎಷ್ಟು ಘನ ಮೀಟರ್, ಡಾಂಬರು ಎಷ್ಟು ದಪ್ಪ,
ಕಂಬಕ್ಕೆಷ್ಟು, ಬಿಳಿ ಗೆರೆಗೆಷ್ಟು,
ನಡುವಿನ ಖರ್ಜೂರದ ಮರಕ್ಕೆ ದಿನಕ್ಕೆಷ್ಟು ನೀರು.
ಹನ್ನೊಂದು ವರ್ಷ ಮಸ್ಕತ್ತಿನಲ್ಲಿ ಹೀಗೆ ಬರೆದು ಬರೆದು
ಕಾರುಗಳಿಗೆ ಕೇಳಿದ್ದೆಲ್ಲ ಕೊಟ್ಟಿದ್ದೇನೆ.

ಘಲಾದ ನಮ್ಮ ಆಫೀಸಿನ ಕಿಟಕಿಗೆ
ಒಂದು ತಂತಿಬೇಲಿ ಕಾಣುತ್ತದೆ.
ಈಚೆ ಕ್ಯಾಂಪು. ಆಚೆ ಎಂಟು ಸಾಲು ವಾಹನ,
ಅದರಾಚೆ ಗ್ರೋಸರಿ, ಕ್ಷೌರದಂಗಡಿ,
ಊರಿಗೆ ಹಣ ಕಳಿಸುವ ಕೌಂಟರು.
ನೇರ ಹೋದರೆ ನೂರ ನಲವತ್ತು ಮೀಟರ್.
ಕಾನೂನಿನಂತೆ ಮೇಲ್ಸೇತುವೆ ಬಳಸಿದರೆ
ಮೂರು ಮುಕ್ಕಾಲು ಕಿಲೋಮೀಟರ್,
ಅಲ್ಲೂ ಕಾಲಿಡಲು ಅಂಚಿಲ್ಲ.

ಅದಕ್ಕೇ ಬೇಲಿಯಲ್ಲೊಂದು ತೂತು.
ತೂತಿಗೊಂದು ಕಾಲ್ದಾರಿ,
ಯಾರೂ ಟೆಂಡರ್ ಕರೆಯದೆ ಮರಳಿನಲ್ಲಿ ಆದದ್ದು,
ದಾರ ಎಳೆದ ಹಾಗೆ ನೆಟ್ಟಗೆ.

ಹಸೈನಾರ್ ಅದರಲ್ಲೇ ಬರುತ್ತಾನೆ, ಲಾಂಡ್ರಿಯ ಸೈಕಲ್ ದೂಡಿಕೊಂಡು.
ಹ್ಯಾಂಡಲ್ಲಿಗೆ ಇಸ್ತ್ರಿಯಾದ ಆರು ಬಿಳಿ ದಿಶ್ದಾಶ,
ದೂರದಿಂದ ಆರು ಜನ ಸಾಹೇಬರು
ಒಂದೇ ಸೈಕಲ್ಲಿಗೆ ಜೋತುಬಿದ್ದಂತೆ.
“ಒಂದು ದಿನ ಅವರೂ ಹೀಗೆ ಬಂದಿದ್ದರೆ ಅಕ್ಕ,
ಮರುದಿನವೇ ದಾರಿ ಆಗುತ್ತಿತ್ತು,” ನಗುತ್ತಾನೆ.
ಮೇ ತಿಂಗಳಲ್ಲಿ ನಗುವುದಿಲ್ಲ.
ಬ್ರೇಕ್ ಮುಟ್ಟಿದರೆ ಚರ್ಮ ಅಂಟುತ್ತದೆ.

ಕಳೆದ ರಂಜಾನಿನಲ್ಲಿ ಯಾರೋ ಪುಣ್ಯವಂತರು
ಕ್ಯಾಂಪಿಗೆ ಮುನ್ನೂರು ಹೊಳೆಯುವ ಜಾಕೆಟ್ ಹಂಚಿದರು.
ಒಳ್ಳೆಯದೇ. ಕತ್ತಲಲ್ಲಿ ಕಾಣುತ್ತಾರೆ.
ಆದರೆ ದಾರಿ ದಾನದ ವಸ್ತುವೇ?
ಫ್ಲೈಓವರಿಗೆ ಯಾರಾದರೂ
ಡಬ್ಬಿ ಹಿಡಿದು ಚಂದಾ ಎತ್ತಿದ್ದುಂಟೇ?
ಆಳಂದದ ಶಿವರಾಯ, ಗಾರೆ ಕೆಲಸದವ,
ಜಾಕೆಟ್ ಹಾಕಿಕೊಂಡೇ ದಾಟಿದ್ದ.
ಕಂಡ. ಕಂಡ ಮೇಲೂ
ನೂರಿಪ್ಪತ್ತರ ವೇಗ ನಿಲ್ಲಲು ಎಷ್ಟು ದೂರ ಬೇಕೋ
ಅದು ನನ್ನ ಕಡತದಲ್ಲೇ ಇದೆ,
ನಾನೇ ಟೈಪ್ ಮಾಡಿದ್ದು.
ಈಗ ಕೋಲೂರಿ ತೂತಿನ ತನಕ ಬರುತ್ತಾನೆ,
ಹೋಗುವವರ ಕೈಯಲ್ಲಿ ಊರಿನ ದುಡ್ಡು ಕೊಟ್ಟು
ಅವರು ಆಚೆ ಮುಟ್ಟುವವರೆಗೂ ನಿಂತಿರುತ್ತಾನೆ.

ನಿನ್ನೆ ಹಳೆಯ ಲೆಕ್ಕ ತೆಗೆದೆ.
ಬೇಲಿ ರಿಪೇರಿ, ಜನವರಿ. ಬೇಲಿ ರಿಪೇರಿ, ಏಪ್ರಿಲ್.
ಬೇಲಿ ರಿಪೇರಿ, ದಪ್ಪ ತಂತಿ, ಸೆಪ್ಟೆಂಬರ್.
ಆರು ವರ್ಷದ್ದು ಕೂಡಿಸಿದೆ, ಒಂದು ಬೈಸವನ್ನೂ ಬಿಡದೆ.
ದುಡ್ಡಿಲ್ಲ ಎನ್ನುತ್ತೀರಲ್ಲ,
ನಡೆಯುವವರ ಮೇಲೆ ಆಗಲೇ ಖರ್ಚಾಗುತ್ತಿದೆ ಸ್ವಾಮಿ,
ತಡೆಯುವ ಬಾಬ್ತಿನಲ್ಲಿ.
ಅಷ್ಟರಲ್ಲೇ ಕೆಳದಾರಿ ಆಗಿಬಿಡುತ್ತದೆಂದು ಸುಳ್ಳು ಹೇಳಲಾರೆ.
ಅರ್ಧ ಆದೀತು.
ಉಳಿದರ್ಧ, ಖರ್ಜೂರದ ಮರಗಳು
ಒಂದು ವರ್ಷ ಕುಡಿಯುವ ನೀರು.

ಬರೆದೆ. ಬಾಬ್ತು ಐವತ್ತೆರಡು:
ಕೆಳದಾರಿ ಒಂದು, ನಾಲ್ಕು ಮೀಟರ್ ಅಗಲ,
ಸೈಕಲ್ಲಿಗೆ ಇಳಿಜಾರು, ಮೆಟ್ಟಿಲು ಬೇಡ,
ಎರಡೂ ತುದಿಗೆ ನೆರಳು, ಅರವತ್ತು ಮೀಟರ್.

ಹಮೂದ್ ಇಂಜಿನಿಯರು ಕನ್ನಡಕ ಹಣೆಗೇರಿಸಿ ಓದಿದರು.
“ನೆರಳನ್ನೂ ಅಳೆದಿದ್ದೀಯ,” ಅಂದರು.
ಆಮೇಲೆ, ಕೇಳದೆಯೇ, ತಮ್ಮಜ್ಜ
ರುಸ್ತಾಕಿನಿಂದ ಮತ್ರಾಕ್ಕೆ ಕತ್ತೆಯೊಡನೆ ನಡೆದು
ಒಣ ನಿಂಬೆ ಮಾರುತ್ತಿದ್ದುದನ್ನು ಹೇಳಿದರು.
“ಆಗ ರಸ್ತೆ ಇರಲಿಲ್ಲ. ದಾರಿ ಇತ್ತು.”
ಸಹಿ ಹಾಕಲಿಲ್ಲ. ಹೊಡೆದೂ ಹಾಕಲಿಲ್ಲ.
ದರದ ಕಾಲಂ ಖಾಲಿಯೆಂದು
ಪೆನ್ಸಿಲಿನಲ್ಲಿ ಸುತ್ತು ಹಾಕಿ ಹಿಂದೆ ಕೊಟ್ಟರು.

ದರ ತುಂಬುತ್ತಿದ್ದೇನೆ.
ಕಿಟಕಿಯಾಚೆ ಮತ್ತೆ ಬಂದಿದ್ದಾರೆ ಬೇಲಿ ಹೊಲಿಯುವವರು,
ಸಂಜೆ ಅವರೂ ಸಕ್ಕರೆ, ಸಿಮ್ಮು, ಸಾಬೂನಿಗೆ
ಆಚೆಗೇ ಹೋಗಬೇಕಾದವರು.
ಬಿಗಿಯುತ್ತಾ ಬಿಗಿಯುತ್ತಾ ಬಂದ ಒಬ್ಬ
ಸುತ್ತ ನೋಡಿ
ಕೊನೆಯ ಗಂಟನ್ನು ಸಡಿಲ ಬಿಟ್ಟ.