ಝೋ

ಪಾಲಿಬೆಟ್ಟದ ತೋಟದ ಕೂಸಿನ ಮನೆಯಲ್ಲಿ
ನನಗೆ ಹದಿಮೂರು ಮಕ್ಕಳು, ನಾಲ್ಕು ಭಾಷೆ,
ಮೂಗೊರೆಸಲು ಒಂದೇ ಬಟ್ಟೆ.

ಕಾಫಿ ರುಚಿ ನೋಡಲು ಬಂದವನ ಹೆಂಡತಿ ಚಿಹಾರು
ಮೂರು ವಾರ ಬಂಗಲೆಯಲ್ಲಿದ್ದಳು. ಬೇಸರ ಕಳೆಯಲು
ನಮ್ಮ ಸಿಮೆಂಟು ನೆಲದ ಮೇಲೆ ಮಂಡಿಯೂರಿ ಕೂತಳು.
ಮುಷ್ಟಿ ಹಿಡಿದರೆ ಗೂ. ಬೆರಳು ಬಿಚ್ಚಿದರೆ ಪಾ.
ಗೂ, ಗೂ, ಪಾ. ಅಷ್ಟಕ್ಕೇ,
ಅಸ್ಸಾಮಿನ ರೈಲಿಳಿದಾಗಿನಿಂದ ನಗದ ಜುನ್‌ಮೊನಿ
ಕುಂಡೆ ಕುಣಿಸಿದಳು.

ಮೊಲ ಅಂದರೆ ಉಸಾಗಿ, ಕಪ್ಪೆ ಕಾಯೆರು,
ಆನೆ ಬರೀ ಝೋ: ಮೂಗಿಗೆ ತೋಳು ಹಚ್ಚಿ
ತೂಗುತ್ತ ಹೆಜ್ಜೆ ಹಾಕಬೇಕು.
ನನಗೋ ಮಂಡಿನೋವು. ಆದರೂ ಹಾಕಿದೆ,
ಬಾಲಕ್ಕೆ ಸೆರಗು.

ಅವಳು ಹೋದಳು. ರಾಗ ಅರ್ಧ ಮರೆತೆ.
ಮರೆತಲ್ಲಿ ಸಿಕ್ಕಿದ್ದು ತುಂಬಿದೆ: ಎರವರ ಹಾಡಿಯ ಒಂದು ಕೂಗು,
ಬೋಜಕ್ಕನ ಕೊಡವ ತಕ್ಕಿನ ಎರಡು ಮಾತು.
ಅದೇ ಜಪಾನಿ ಎಂದು ಮಕ್ಕಳು ಹಾಡುತ್ತವೆ.

ಮೊನ್ನೆ ನಸುಕಿನಲ್ಲಿ, ಲೈನ್‌ಮನೆಯ ಬಾಗಿಲಲ್ಲಿ
ಜುನ್‌ಮೊನಿ ಮೂಗಿಗೆ ತೋಳು ಹಚ್ಚಿ ನಿಂತಿದ್ದಾಳೆ.
ಝೋ, ಝೋ.
ಅವಳಪ್ಪನಿಗೆ ತಿಳಿಯಲಿಲ್ಲ, ಬಕೆಟ್ ಹಿಡಿದು
ನಲ್ಲಿಗೆ ಹೊರಟಿದ್ದ.
ಪಕ್ಕದ ಮನೆಯಲ್ಲಿ ಒಲೆ ಊದುತ್ತಿದ್ದ ನನಗೆ ತಿಳಿಯಿತು.
ಓಡಿದೆ, ಮಂಡಿ ಮರೆತು,
ಅವನ ಅಂಗಿ ಹಿಡಿದು ಎಳೆದೆ.

ನಲ್ಲಿಯ ಪಕ್ಕದ ಹಲಸಿನ ಮರ
ಗಾಳಿಯಿಲ್ಲದೆ ಅಲುಗುತ್ತಿತ್ತು.
ಒಂದು ಹಣ್ಣು ಬಿತ್ತು. ಇನ್ನೊಂದು.

ಒಳಗೆ, ಚಿಲಕ ಹಾಕಿ, ಕತ್ತಲಲ್ಲಿ ನಾವು ಮೂವರು.
ನನ್ನ ಮುಷ್ಟಿ ಬಿಗಿದೇ ಇತ್ತು.
ಅವಳು ಒಂದೊಂದೇ ಬೆರಳು ಬಿಚ್ಚಿ
ಪಿಸುಗುಟ್ಟಿದಳು:
ಪಾ.